ಹಣಕಾಸು ಸಿದ್ಧಾಂತವನ್ನು ಬುಡದಿಂದ ಓದುವುದು: ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಸ್ನಾತಕೋತ್ತರ ಹಣಕಾಸು ಕೋರ್ಸಿನ ಪಠ್ಯಕ್ರಮವನ್ನು ನೋಡಿದರೆ ಅಧ್ಯಾಯಗಳು ಪರಸ್ಪರ ಪರಿಚಯವೇ ಇಲ್ಲದವರಂತೆ ಸಾಲಾಗಿ ನಿಂತಿರುತ್ತವೆ. ಮೊದಲು ತುಷ್ಟಿಗುಣ (ಹಣದಿಂದ ಸಿಗುವ ತೃಪ್ತಿಯ ಅಳತೆ), ಅದರ ಹಿಂದೆ ಪೋರ್ಟ್‌ಫೋಲಿಯೊ, ಆಮೇಲೆ ಸಿಎಪಿಎಂ (ಮಾರುಕಟ್ಟೆಯ ಅಪಾಯದಿಂದ ಆಸ್ತಿಯ ನಿರೀಕ್ಷಿತ ಪ್ರತಿಫಲವನ್ನು ಹೇಳುವ ಮಾದರಿ). ಮುಂದಿನ ಸೆಮಿಸ್ಟರ್‌ನಲ್ಲಿ ಆಪ್ಷನ್‌ಗಳು, ಬೇರೆಯೇ ಅಧ್ಯಾಪಕರ ತರಗತಿಯಲ್ಲಿ ಕಂಪನಿಗಳ ಬಂಡವಾಳ ರಚನೆ. ವಿದ್ಯಾರ್ಥಿಗಳು ಪ್ರತಿಯೊಂದಕ್ಕೂ ಒಂದು ಸೂತ್ರಗಳ ಹಾಳೆ ಸಿದ್ಧಮಾಡಿಕೊಂಡು ಪರೀಕ್ಷೆ ದಾಟುತ್ತಾರೆ. ಅಂಕವೂ ಬರುತ್ತದೆ. ಆದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ, ಒಂದು ಕಾಲ್ ಆಪ್ಷನ್‌ನ (ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು) ಬೀಟಾ (ಮಾರುಕಟ್ಟೆಯ ಜೊತೆ ಅದು ಎಷ್ಟು ಏರಿಳಿಯುತ್ತದೆ ಎಂಬ ಅಳತೆ) ಎಷ್ಟು ಎಂದು ಕೇಳಿದರೆ ಯಾವ ಹಾಳೆಯಲ್ಲಿಯೂ ಉತ್ತರ ಸಿಗುವುದಿಲ್ಲ.

ಈ ಅಧ್ಯಾಯಗಳೆಲ್ಲ ಉತ್ತರಿಸಲು ಹೊರಟಿರುವುದು ಒಂದೇ ಪ್ರಶ್ನೆಯನ್ನು: ಬರಬಹುದಾದ, ಬಾರದೆಯೂ ಹೋಗಬಹುದಾದ ನಾಳಿನ ಹಣಕ್ಕೆ ಇಂದು ಎಷ್ಟು ಬೆಲೆ? ಒಂದು ಸಿದ್ಧಾಂತಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೆಂದರೆ ಉತ್ತರ ಹೇಳುವ ಮುನ್ನ ಅದು ಏನೇನನ್ನು ಒಪ್ಪಿಕೊಳ್ಳಬೇಕೆಂದು ಕೇಳುತ್ತದೆ ಎಂಬುದು. ಆದ್ದರಿಂದ ಇಲ್ಲಿ ಸೂಚಿಸುವ ಕ್ರಮ ಪಠ್ಯಕ್ರಮದ ಕ್ರಮವಲ್ಲ. ಒಂದೇ ಒಂದು ಪುಟ್ಟ ಮಾದರಿಯನ್ನು ಕಾಗದದ ಮೇಲೆ ಕಟ್ಟಿ, ಅದನ್ನೇ ಕೊನೆಯವರೆಗೂ ಕೈಬಿಡದೆ ಒಯ್ಯುವ ಕ್ರಮ. ಪೆನ್ನು ಹಿಡಿದು ಓದಿ. ಕೆಳಗಿನ ಅಂಕಿಗಳನ್ನು ನಂಬಬೇಡಿ, ನೀವೇ ಲೆಕ್ಕ ಹಾಕಿ.

ಮೊದಲ ಹಂತ: ಗಣಿತ, ಬೇಕಾದಷ್ಟೇ

ಹಣಕಾಸು ಸಿದ್ಧಾಂತಕ್ಕೆ ಭಾರೀ ಗಣಿತ ಬೇಕು ಎಂಬ ಭಯದಿಂದ ಅನೇಕರು ಮೊದಲ ತಿಂಗಳುಗಳನ್ನು ಮೆಶರ್ ಥಿಯರಿಯಲ್ಲಿ (ಸಂಭವನೀಯತೆಯ ಹಿಂದಿನ ಅಮೂರ್ತ ಗಣಿತ) ಕಳೆಯುತ್ತಾರೆ. ಅದು ಬೇಕಾಗುವುದು ಬಹಳ ಮುಂದೆ. ಆರಂಭಕ್ಕೆ ಮೂರು ಸಾಮರ್ಥ್ಯಗಳು ಸಾಕು: ನಿರ್ಬಂಧದೊಳಗೆ ಗರಿಷ್ಠ ಅಥವಾ ಕನಿಷ್ಠವನ್ನು ಹುಡುಕುವುದು (ಲಗ್ರಾಂಜ್ ಗುಣಕವನ್ನು ಬರೆಯಲು ಬಂದರೆ ಸಾಲದು, ಅದು ನಿರ್ಬಂಧದ ಬೆಲೆ ಎಂಬುದು ಅರ್ಥವಾಗಿರಬೇಕು), ಏಕಕಾಲಿಕ ಸಮೀಕರಣಗಳನ್ನು ಮ್ಯಾಟ್ರಿಕ್ಸ್ ರೂಪದಲ್ಲಿ ಬಿಡಿಸುವುದು, ಮತ್ತು ನಿರೀಕ್ಷಿತ ಮೌಲ್ಯ, ಷರತ್ತುಬದ್ಧ ನಿರೀಕ್ಷೆ, ಕೋವೇರಿಯನ್ಸ್‌ಗಳೊಂದಿಗೆ ಸಲೀಸಾಗಿ ಓಡಾಡುವುದು.

ಪರೀಕ್ಷಿಸಿಕೊಳ್ಳಲು ಒಂದು ದಾರಿ ಇದೆ. ಎರಡು ಚರಗಳ ಗುಣಲಬ್ಧದ ಸರಾಸರಿ ಎಂದರೆ ಅವುಗಳ ಸರಾಸರಿಗಳ ಗುಣಲಬ್ಧಕ್ಕೆ ಕೋವೇರಿಯನ್ಸ್ (ಅವೆರಡೂ ಒಟ್ಟಿಗೆ ಏರಿಳಿಯುವ ಅಳತೆ) ಸೇರಿಸಿದ್ದು ಎಂಬುದನ್ನು ಪುಸ್ತಕ ನೋಡದೆ ಎರಡು ಸಾಲಿನಲ್ಲಿ ಸಾಧಿಸಿ. ಈ ಒಂದು ಸಮೀಕರಣದ ಮೇಲೆ ಆಸ್ತಿ ಬೆಲೆಯ ಸಿದ್ಧಾಂತದ ಅರ್ಧ ಭಾಗ ನಿಂತಿದೆ. ಸಾಧ್ಯವಾದರೆ ಮುಂದೆ ಹೋಗಿ. ಆಗದಿದ್ದರೆ ಒಂದೆರಡು ವಾರ ಸಂಭವನೀಯತೆಗೆ ಮೀಸಲಿಡಿ.

ಎರಡನೇ ಹಂತ: ಅಪಾಯವನ್ನು ಯಾರು, ಏಕೆ ಇಷ್ಟಪಡುವುದಿಲ್ಲ

1738ರಲ್ಲಿ ಡೇನಿಯಲ್ ಬರ್ನೌಲಿ ಒಂದು ಜೂಜನ್ನು ಚರ್ಚಿಸಿದ. ಅದರ ನಿರೀಕ್ಷಿತ ಮೌಲ್ಯ ಅನಂತ, ಆದರೂ ಯಾರೂ ಅದಕ್ಕೆ ದೊಡ್ಡ ಮೊತ್ತ ಕೊಡುವುದಿಲ್ಲ. ಸೇಂಟ್ ಪೀಟರ್ಸ್‌ಬರ್ಗ್ ವಿರೋಧಾಭಾಸ ಎಂದು ಅದು ಹೆಸರಾಗಿದೆ. ಅವನ ಪರಿಹಾರ: ಜನ ಹಣವನ್ನಲ್ಲ, ಹಣದ ತುಷ್ಟಿಗುಣವನ್ನು ತೂಗುತ್ತಾರೆ, ಮತ್ತು ಆ ತುಷ್ಟಿಗುಣ ಲಾಗರಿದಮ್‌ನಂತೆ ನಿಧಾನವಾಗಿ ಏರುತ್ತದೆ. 1944ರಲ್ಲಿ ವಾನ್ ನಾಯ್ಮನ್ ಮತ್ತು ಮೊರ್ಗೆನ್‌ಸ್ಟರ್ನ್ ಇದಕ್ಕೆ ಸ್ವಯಂಸಿದ್ಧಗಳ ಅಡಿಪಾಯ ಹಾಕಿದರು.

ಇಲ್ಲಿ ಮಾಡಬೇಕಾದ ಲೆಕ್ಕ ಇದು. ನಿಮ್ಮ ಸಂಪತ್ತು 100. ನಾಣ್ಯ ಚಿಮ್ಮಿ 50 ಗೆಲ್ಲಬಹುದು ಅಥವಾ 50 ಸೋಲಬಹುದು. ಲಾಗರಿದಮ್ ತುಷ್ಟಿಗುಣದಲ್ಲಿ ಈ ಜೂಜಿಗೆ ಸಮನಾದ ಖಚಿತ ಮೊತ್ತ 150 ಮತ್ತು 50ರ ಗುಣಲಬ್ಧದ ವರ್ಗಮೂಲ, ಅಂದರೆ 86.6. ಅಂದರೆ ಈ ಜೂಜಿನಿಂದ ತಪ್ಪಿಸಿಕೊಳ್ಳಲು 13.4 ಕೊಡಲು ನೀವು ಸಿದ್ಧ. ಈಗ ಆರೋ ಮತ್ತು ಪ್ರ್ಯಾಟ್ ಅವರ ಅಂದಾಜು ಬಳಸಿ: ಅಪಾಯ ವಿಮುಖತೆಯ (ಲಾಗರಿದಮ್ ತುಷ್ಟಿಗುಣದಲ್ಲಿ ಸಂಪತ್ತಿನ ವಿಲೋಮ, ಇಲ್ಲಿ 1/100) ಅರ್ಧವನ್ನು ಏರಿಳಿತದ ಅಳತೆಯಾದ ವೇರಿಯನ್ಸ್‌ನಿಂದ ಗುಣಿಸಿದರೆ 12.5. ಪಣ 50ರ ಬದಲು 10 ಆಗಿದ್ದರೆ ನಿಖರ ಉತ್ತರ 0.501, ಅಂದಾಜು 0.5. ಅಪಾಯ ಚಿಕ್ಕದಿದ್ದಾಗ ವೇರಿಯನ್ಸ್ ಒಂದೇ ಸಾಕು, ದೊಡ್ಡದಾದಂತೆ ಸಾಲುವುದಿಲ್ಲ. ಮುಂದೆ ಪೋರ್ಟ್‌ಫೋಲಿಯೊ ಸಿದ್ಧಾಂತ ಸರಾಸರಿ ಮತ್ತು ವೇರಿಯನ್ಸ್ ಎರಡನ್ನೇ ಹಿಡಿದು ಹೊರಟಾಗ, ಅದು ಎಲ್ಲಿ ಕೈಕೊಡಬಹುದು ಎಂಬುದು ನಿಮಗೆ ಆಗಲೇ ಗೊತ್ತಿರುತ್ತದೆ.

ಸ್ವಯಂಸಿದ್ಧಗಳ ಸಾಧನೆಯನ್ನು ಒಮ್ಮೆ ಓದಿ ಬಿಡಿ. ಆದರೆ ಸ್ವಾತಂತ್ರ್ಯದ ಸ್ವಯಂಸಿದ್ಧವನ್ನು (ಎರಡು ಜೂಜುಗಳಿಗೂ ಒಂದೇ ಭಾಗವನ್ನು ಬೆರೆಸಿದರೆ ಆಯ್ಕೆ ಬದಲಾಗಬಾರದು ಎಂಬುದನ್ನು) ಮಾತ್ರ ಬಿಡಬೇಡಿ: ಮೊರಿಸ್ ಅಲೆ ಅವರ 1953ರ ವಿರೋಧಾಭಾಸ ಅದನ್ನೇ ಮುರಿಯುತ್ತದೆ, 1979ರ ಕಾನೆಮನ್ ಮತ್ತು ಟ್ವರ್ಸ್ಕಿ ಲೇಖನ ಅಲ್ಲಿಂದಲೇ ಹೊರಡುತ್ತದೆ.

ಮೂರನೇ ಹಂತ: ಎರಡು ದಿನಾಂಕ, ಎರಡು ಸ್ಥಿತಿ

ಇಲ್ಲಿ ಅವಸರ ಬೇಡ. ಇಡೀ ಕೋರ್ಸಿಗೆ ನೀವು ಕೊಡುವ ಸಮಯದಲ್ಲಿ ದೊಡ್ಡ ಪಾಲನ್ನು ಈ ಹಂತಕ್ಕೆ ಕೊಟ್ಟರೂ ನಷ್ಟವಿಲ್ಲ.

ಇಂದು ಒಂದು ಷೇರಿನ ಬೆಲೆ 100. ನಾಳೆ ಒಳ್ಳೆಯ ಸ್ಥಿತಿಯಲ್ಲಿ 130, ಕೆಟ್ಟ ಸ್ಥಿತಿಯಲ್ಲಿ 90. ಅಪಾಯರಹಿತ ಬಾಂಡ್ ಇಂದಿನ 100ನ್ನು ನಾಳೆ 105 ಮಾಡುತ್ತದೆ. ನಾಳೆ ಷೇರನ್ನು 110ಕ್ಕೆ ಕೊಳ್ಳುವ ಹಕ್ಕು ಕೊಡುವ ಕಾಲ್ ಆಪ್ಷನ್‌ನ ಇಂದಿನ ಬೆಲೆ ಎಷ್ಟು?

ಆಪ್ಷನ್ ಒಳ್ಳೆಯ ಸ್ಥಿತಿಯಲ್ಲಿ 20 ಕೊಡುತ್ತದೆ, ಕೆಟ್ಟದ್ದರಲ್ಲಿ ಏನೂ ಇಲ್ಲ. ಅರ್ಧ ಷೇರು ಕೊಂಡರೆ ನಾಳೆ 65 ಅಥವಾ 45 ಕೈಯಲ್ಲಿರುತ್ತದೆ. ಅದರ ಜೊತೆಗೆ ಇಂದು 42.86 ಸಾಲ ಪಡೆದರೆ ನಾಳೆ 45 ತೀರಿಸಬೇಕು. ಉಳಿಯುವುದು 20 ಅಥವಾ ಸೊನ್ನೆ, ಅಂದರೆ ಆಪ್ಷನ್ ಕೊಡುವಷ್ಟೇ. ಇದಕ್ಕೆ ಇಂದು ತಗಲುವ ವೆಚ್ಚ 50ರಲ್ಲಿ 42.86 ಕಳೆದು 7.14. ಆಪ್ಷನ್ ಬೇರೆ ಬೆಲೆಗೆ ಮಾರಾಟವಾದರೆ ಒಂದನ್ನು ಕೊಂಡು ಇನ್ನೊಂದನ್ನು ಮಾರಿ ಅಪಾಯವಿಲ್ಲದ ಲಾಭ ಮಾಡಬಹುದು. ಹಾಗೆ ಮಾಡಲು ಆಗದು ಎಂಬ ಗೃಹೀತವೇ ಆರ್ಬಿಟ್ರೇಜ್ ಇಲ್ಲದಿರುವಿಕೆ.

ಗಮನಿಸಿ: ಒಳ್ಳೆಯ ಸ್ಥಿತಿ ಬರುವ ಸಂಭವ ಎಷ್ಟು ಎಂಬುದನ್ನು ನಾವು ಕೇಳಲೇ ಇಲ್ಲ. ಮೊದಲ ಸಲ ಓದುವವರಿಗೆ ಇದು ಕಣ್ಕಟ್ಟಿನಂತೆ ಕಾಣುತ್ತದೆ. ಸಂಭವನೀಯತೆ ಮಾಯವಾಗಿಲ್ಲ, ಅದು ಷೇರಿನ ಇಂದಿನ ಬೆಲೆಯಾದ 100ರೊಳಗೆ ಆಗಲೇ ಸೇರಿಕೊಂಡಿದೆ.

ಈಗ ಅದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಮಾಡಿ. ಒಳ್ಳೆಯ ಸ್ಥಿತಿಯಲ್ಲಿ ಮಾತ್ರ 1 ಕೊಡುವ ಪತ್ರದ ಬೆಲೆ ಎಷ್ಟು, ಕೆಟ್ಟ ಸ್ಥಿತಿಯಲ್ಲಿ ಮಾತ್ರ 1 ಕೊಡುವ ಪತ್ರದ ಬೆಲೆ ಎಷ್ಟು? ಷೇರು ಮತ್ತು ಬಾಂಡ್‌ನ ಬೆಲೆಗಳಿಂದ ಎರಡು ಸಮೀಕರಣ ಸಿಗುತ್ತವೆ, ಬಿಡಿಸಿದರೆ 0.357 ಮತ್ತು 0.595. ಇವು ಸ್ಥಿತಿ ಬೆಲೆಗಳು, ಆರೋ ಮತ್ತು ದೆಬ್ರು ಅವರ ಹೆಸರಿನಲ್ಲಿ ಕರೆಯಲ್ಪಡುವ ಪತ್ರಗಳ ಬೆಲೆಗಳು. 20ನ್ನು 0.357ರಿಂದ ಗುಣಿಸಿದರೆ ಮತ್ತೆ 7.14. ಸ್ಥಿತಿ ಬೆಲೆಗಳನ್ನು 1.05ರಿಂದ ಗುಣಿಸಿದರೆ 0.375 ಮತ್ತು 0.625 ಬರುತ್ತವೆ, ಕೂಡಿದರೆ 1. ಇವನ್ನೇ ಅಪಾಯ-ತಟಸ್ಥ ಸಂಭವನೀಯತೆಗಳು ಎನ್ನುತ್ತಾರೆ. ಹೆಸರು ದಾರಿ ತಪ್ಪಿಸುವಂಥದ್ದು: ಇಲ್ಲಿ ಯಾರೂ ಅಪಾಯ-ತಟಸ್ಥರಲ್ಲ, ಮತ್ತು ಇವು ಯಾವುದೂ ನಿಜವಾಗಿ ಘಟಿಸುವ ಸಂಭವವಲ್ಲ. ಸಂಭವನೀಯತೆಯ ವೇಷ ತೊಟ್ಟ ಬೆಲೆಗಳು, ಅಷ್ಟೇ.

ಮೂರನೇ ಬಗೆಗೆ ನಿಜವಾದ ಸಂಭವನೀಯತೆ ಬೇಕು. ಎರಡೂ ಸ್ಥಿತಿಗಳಿಗೆ ಅರ್ಧರ್ಧ ಎಂದಿಟ್ಟುಕೊಳ್ಳಿ. ಸ್ಥಿತಿ ಬೆಲೆಯನ್ನು ಸಂಭವನೀಯತೆಯಿಂದ ಭಾಗಿಸಿದರೆ ಒಳ್ಳೆಯ ಸ್ಥಿತಿಯಲ್ಲಿ 0.714, ಕೆಟ್ಟದ್ದರಲ್ಲಿ 1.19. ಇದನ್ನು ಸ್ಟೊಕಾಸ್ಟಿಕ್ ಡಿಸ್ಕೌಂಟ್ ಫ್ಯಾಕ್ಟರ್ ಎನ್ನುತ್ತಾರೆ. ನಾವು ಎಂ ಎಂದು ಕರೆಯೋಣ. ಯಾವುದೇ ಆಸ್ತಿಯ ಬೆಲೆ ಎಂದರೆ ಎಂ ಮತ್ತು ಪಾವತಿಯ ಗುಣಲಬ್ಧದ ಸರಾಸರಿ. ಕೆಟ್ಟ ಕಾಲದಲ್ಲಿ ಎಂ ದೊಡ್ಡದು, ಏಕೆಂದರೆ ಆಗ ಕೈಗೆ ಬರುವ ಒಂದು ನಾಣ್ಯ ಹೆಚ್ಚು ಬೆಲೆಬಾಳುತ್ತದೆ. ಎರಡನೇ ಹಂತದ ತುಷ್ಟಿಗುಣ ಇಲ್ಲಿ ಮತ್ತೆ ಬಾಗಿಲು ತಟ್ಟುತ್ತದೆ.

ಷೇರಿನ ನಿರೀಕ್ಷಿತ ಪ್ರತಿಫಲ ಶೇ 10, ಅಪಾಯರಹಿತ ದರ ಶೇ 5. ಈ ಶೇ 5ರ ಹೆಚ್ಚುವರಿ ಎಲ್ಲಿಂದ ಬಂತು? ಎಂ ಮತ್ತು ಷೇರಿನ ಪ್ರತಿಫಲದ ಕೋವೇರಿಯನ್ಸ್ ಲೆಕ್ಕ ಹಾಕಿ: ಋಣ 0.0476. ಅದನ್ನು ಎಂನ ಸರಾಸರಿ 0.952ರಿಂದ ಭಾಗಿಸಿ ಚಿಹ್ನೆ ತಿರುಗಿಸಿದರೆ ಸರಿಯಾಗಿ 0.05. ಅಪಾಯಕ್ಕೆ ಸಿಗುವ ಪ್ರತಿಫಲ ಏರಿಳಿತಕ್ಕೆ ಸಿಗುವುದಲ್ಲ, ಕೆಟ್ಟ ಕಾಲದಲ್ಲಿಯೇ ಕೈಕೊಡುವ ಗುಣಕ್ಕೆ ಸಿಗುವುದು.

ಆರಂಭದಲ್ಲಿ ಕೇಳಿದ ಪ್ರಶ್ನೆಗೂ ಈಗ ಉತ್ತರವಿದೆ. ಆಪ್ಷನ್‌ನ ನಿರೀಕ್ಷಿತ ಪಾವತಿ 10, ಬೆಲೆ 7.14, ನಿರೀಕ್ಷಿತ ಪ್ರತಿಫಲ ಶೇ 40. ಷೇರನ್ನೇ ಮಾರುಕಟ್ಟೆ ಎಂದು ಎಣಿಸಿದರೆ ಅದರ ಬೀಟಾ 1. ಆಪ್ಷನ್ ಎಂದರೆ 7.14ರ ಬಂಡವಾಳದಲ್ಲಿ 50ರ ಷೇರು ಹಿಡಿದಂತೆ, ಆದ್ದರಿಂದ ಅದರ ಬೀಟಾ 7. ಶೇ 5ರ ಮೇಲೆ ಏಳು ಸಲ ಶೇ 5 ಸೇರಿಸಿದರೆ ಶೇ 40. ಎರಡು ಬೇರೆ ಬೇರೆ ಸೆಮಿಸ್ಟರ್‌ಗಳಲ್ಲಿ ಕಲಿಸುವ ಎರಡು ಸಿದ್ಧಾಂತಗಳು, ಆಪ್ಷನ್ ಬೆಲೆ ಮತ್ತು ಸಿಎಪಿಎಂ, ಒಂದೇ ಸಂಖ್ಯೆಯಲ್ಲಿ ಬಂದು ನಿಂತಿವೆ.

ಈ ಹಂತವನ್ನು ಬಿಡುವ ಮುನ್ನ ಒಂದು ಕೆಲಸ ಬಾಕಿ ಇದೆ. ಮೂರನೇ ಸ್ಥಿತಿಯೊಂದನ್ನು ಸೇರಿಸಿ: ಷೇರು 130, 110 ಅಥವಾ 90 ಆಗಬಹುದು. ಈಗ ಸ್ಥಿತಿಗಳು ಮೂರು, ಆಸ್ತಿಗಳು ಎರಡೇ. ಸಮೀಕರಣಗಳಿಗೆ ಒಂದೇ ಉತ್ತರ ಸಿಗುವುದಿಲ್ಲ, ಆಪ್ಷನ್‌ನ ಬೆಲೆ ಸೊನ್ನೆಗೂ 7.14ಕ್ಕೂ ನಡುವೆ ಎಲ್ಲಿ ಬೇಕಾದರೂ ಇರಬಹುದು. ಆರ್ಬಿಟ್ರೇಜ್ ತರ್ಕದ ಎಲ್ಲೆ ಇದು. ಮುಂದಕ್ಕೆ ಹೋಗಲು ಜನರ ಇಷ್ಟಾನಿಷ್ಟಗಳ ಬಗ್ಗೆ ಏನಾದರೂ ಒಪ್ಪಿಕೊಳ್ಳಲೇಬೇಕು. ಹಣಕಾಸಿನ ಯಾವುದೇ ಫಲಿತಾಂಶ ಎದುರಾದಾಗ ಮೊದಲು ಕೇಳಬೇಕಾದದ್ದು ಇದನ್ನೇ: ಇದು ಆರ್ಬಿಟ್ರೇಜ್ ಒಂದರಿಂದಲೇ ನಿಲ್ಲುತ್ತದೆಯೇ, ಅಥವಾ ತುಷ್ಟಿಗುಣವನ್ನೂ ಸಮತೋಲನವನ್ನೂ ಸಾಲ ಪಡೆದಿದೆಯೇ?

ನಾಲ್ಕನೇ ಹಂತ: ಪೋರ್ಟ್‌ಫೋಲಿಯೊ ಮತ್ತು ಸಿಎಪಿಎಂ ಅನ್ನು ಬೇರ್ಪಡಿಸಿ ಓದಿ

1952ರಲ್ಲಿ ಹ್ಯಾರಿ ಮಾರ್ಕೊವಿಟ್ಜ್ ಹೇಳಿದ್ದು ಹೂಡಿಕೆದಾರರು ಏನು ಮಾಡಬೇಕು ಎಂಬುದನ್ನು. 1964ರಲ್ಲಿ ವಿಲಿಯಂ ಶಾರ್ಪ್, 1965ರಲ್ಲಿ ಜಾನ್ ಲಿಂಟ್ನರ್, 1966ರಲ್ಲಿ ಯಾನ್ ಮೊಸಿನ್ ಕೇಳಿದ್ದು, ಎಲ್ಲರೂ ಹಾಗೆಯೇ ಮಾಡಿದರೆ ಬೆಲೆಗಳು ಏನಾಗುತ್ತವೆ ಎಂಬುದನ್ನು. ಮೊದಲನೆಯದು ಬಹುತೇಕ ಶುದ್ಧ ಗಣಿತ, ಅದನ್ನು ಸುಳ್ಳಾಗಿಸಲು ಬರುವುದಿಲ್ಲ. ಎರಡನೆಯದು ಜಗತ್ತಿನ ಬಗ್ಗೆ ಒಂದು ಹೇಳಿಕೆ, ಅದು ಸುಳ್ಳಾಗಬಹುದು. ಪರೀಕ್ಷೆಯ ಉತ್ತರಗಳಲ್ಲಿ ಇವೆರಡೂ ಕಲಸಿಹೋಗುವುದನ್ನು ಕಾಣುವಷ್ಟು ಬೇರೆ ಯಾವ ಗೊಂದಲವನ್ನೂ ಕಾಣುವುದಿಲ್ಲ.

ವೈವಿಧ್ಯೀಕರಣದ ಬಲವನ್ನೂ ಮಿತಿಯನ್ನೂ ಒಂದೇ ಲೆಕ್ಕದಲ್ಲಿ ನೋಡಬಹುದು. ಪ್ರತಿ ಷೇರಿನ ಪ್ರಮಾಣ ವಿಚಲನೆ ಶೇ 40, ಯಾವುದೇ ಎರಡರ ನಡುವಿನ ಸಹಸಂಬಂಧ 0.3 ಎಂದಿಟ್ಟುಕೊಳ್ಳಿ. ಸಮಪಾಲಿನಲ್ಲಿ 10 ಷೇರು ಹಿಡಿದರೆ ವಿಚಲನೆ ಶೇ 24.3ಕ್ಕೆ ಇಳಿಯುತ್ತದೆ. ಲೆಕ್ಕವಿಲ್ಲದಷ್ಟು ಷೇರು ಹಿಡಿದರೂ ಶೇ 21.9ಕ್ಕಿಂತ ಕೆಳಗೆ ಬರುವುದಿಲ್ಲ. ಉಳಿಯುವುದು ಕೋವೇರಿಯನ್ಸ್ ಮಾತ್ರ. ಹಾಗಾಗಿ ಬೆಲೆ ಸಿಗುವುದು ಅದಕ್ಕೆ ಮಾತ್ರ ಎಂಬುದು ಬೀಟಾದ ಹಿಂದಿನ ವಿಚಾರ.

ಜೇಮ್ಸ್ ಟೋಬಿನ್‌ನ 1958ರ ಪ್ರತ್ಯೇಕತೆಯ ಫಲಿತಾಂಶ (ಅಪಾಯದ ಆಸ್ತಿಗಳ ಮಿಶ್ರಣ ಎಲ್ಲರಿಗೂ ಒಂದೇ, ಅಪಾಯರಹಿತ ಆಸ್ತಿ ಎಷ್ಟು ಎಂಬುದು ಮಾತ್ರ ಅವರವರ ಇಷ್ಟ), ಸ್ಟೀಫನ್ ರಾಸ್‌ನ 1976ರ ಎಪಿಟಿ (ಆರ್ಬಿಟ್ರೇಜ್ ಬೆಲೆ ಸಿದ್ಧಾಂತ) ಇವೆರಡನ್ನೂ ಇಲ್ಲಿಯೇ ಮುಗಿಸಿ. ಎಪಿಟಿಯನ್ನು ಓದುವಾಗ ಅದು ಯಾವ ಗೃಹೀತವನ್ನು ಕೈಬಿಟ್ಟಿತು, ಬದಲಿಗೆ ಏನನ್ನು ತಂದಿತು ಎಂದು ಎರಡು ಸಾಲು ಬರೆದುಕೊಳ್ಳಿ. ರಿಚರ್ಡ್ ರೋಲ್‌ನ 1977ರ ಟೀಕೆಯನ್ನು ನಿಧಾನವಾಗಿ ಓದಿ: ಸಿಎಪಿಎಂನಲ್ಲಿ ಬರುವ ಮಾರುಕಟ್ಟೆ ಪೋರ್ಟ್‌ಫೋಲಿಯೊದಲ್ಲಿ ಎಲ್ಲ ಆಸ್ತಿಗಳೂ ಇರಬೇಕು, ಮನುಷ್ಯರ ಗಳಿಕೆಯ ಸಾಮರ್ಥ್ಯವೂ ಸೇರಿ. ಅದನ್ನು ಅಳೆಯಲು ಬಾರದು. ಷೇರು ಸೂಚ್ಯಂಕವನ್ನು ಅದರ ಜಾಗದಲ್ಲಿಟ್ಟು ಸಿಎಪಿಎಂ ಪರೀಕ್ಷಿಸಿದೆವು ಎಂದವರು ನಿಜವಾಗಿ ಪರೀಕ್ಷಿಸಿದ್ದು ಸೂಚ್ಯಂಕವು ಸರಾಸರಿ-ವೇರಿಯನ್ಸ್ ದಕ್ಷವೇ (ಅಷ್ಟೇ ಏರಿಳಿತಕ್ಕೆ ಗರಿಷ್ಠ ಪ್ರತಿಫಲ ಕೊಡುತ್ತದೆಯೇ) ಎಂಬುದನ್ನಷ್ಟೇ.

ಐದನೇ ಹಂತ: ಅದೇ ಮಾದರಿಯಲ್ಲಿ ಒಂದು ಕಂಪನಿ

ಕಾರ್ಪೊರೇಟ್ ಫೈನಾನ್ಸ್ ಅನ್ನು ಬೇರೆ ವಿಷಯದಂತೆ ಆರಂಭಿಸಬೇಡಿ. ಮೂರನೇ ಹಂತದ ಹಾಳೆಯನ್ನೇ ತೆಗೆಯಿರಿ. ನಾಳೆ 130 ಅಥವಾ 90 ಗಳಿಸುವ ಕಂಪನಿಯೊಂದರ ಮೌಲ್ಯ 100. ಅದು ನಾಳೆ 63 ತೀರಿಸುವ ಸಾಲ ಮಾಡಿದರೆ ಸಾಲಪತ್ರದ ಇಂದಿನ ಬೆಲೆ 60. ಷೇರುದಾರರಿಗೆ ಉಳಿಯುವುದು 67 ಅಥವಾ 27; ಸ್ಥಿತಿ ಬೆಲೆಗಳಿಂದ ಗುಣಿಸಿ ಕೂಡಿದರೆ 40. ಒಟ್ಟು 100. ಸಾಲವನ್ನು 110ಕ್ಕೆ ಏರಿಸಿ: ಸಾಲ ಕೊಟ್ಟವರಿಗೆ 110 ಅಥವಾ 90, ಅದರ ಬೆಲೆ 92.86, ಷೇರುದಾರರಿಗೆ 20 ಅಥವಾ ಸೊನ್ನೆ, ಬೆಲೆ 7.14. ಒಟ್ಟು ಮತ್ತೆ 100. ಮೋದಿಲ್ಯಾನಿ ಮತ್ತು ಮಿಲ್ಲರ್ 1958ರಲ್ಲಿ ಸಾಧಿಸಿದ್ದು ಇದನ್ನೇ: ಪಾವತಿಯನ್ನು ಹೇಗೆ ಹೋಳು ಮಾಡಿದರೂ ಹೋಳುಗಳ ಒಟ್ಟು ಬೆಲೆ ಬದಲಾಗದು.

ಆ 7.14 ಎಲ್ಲೋ ನೋಡಿದ ಸಂಖ್ಯೆ. ಸಾಲವಿರುವ ಕಂಪನಿಯ ಷೇರು ಎಂದರೆ ಕಂಪನಿಯ ಆಸ್ತಿಯ ಮೇಲಿನ ಕಾಲ್ ಆಪ್ಷನ್. ರಾಬರ್ಟ್ ಮರ್ಟನ್ 1974ರಲ್ಲಿ ಈ ಒಳನೋಟದ ಮೇಲೆ ಸಾಲದ ಅಪಾಯದ ಮಾದರಿಯನ್ನು ಕಟ್ಟಿದ.

ಈಗ ಒಂದು ತಿರುವು. ಸಾಲ ಪಡೆದಾದ ಮೇಲೆ ಕಂಪನಿ ಯೋಜನೆಯನ್ನು ಬದಲಿಸಬಹುದು ಎಂದಿಟ್ಟುಕೊಳ್ಳಿ. ಹೊಸ ಯೋಜನೆ ಒಳ್ಳೆಯ ಸ್ಥಿತಿಯಲ್ಲಿ 160, ಕೆಟ್ಟದ್ದರಲ್ಲಿ 60 ಕೊಡುತ್ತದೆ. ಅದರ ಮೌಲ್ಯ 92.86, ಅಂದರೆ ಹಳೆಯದಕ್ಕಿಂತ ಕಡಿಮೆ. ಆದರೆ 110ರ ಸಾಲವಿರುವಾಗ ಷೇರುದಾರರ ಪಾಲು 7.14ರಿಂದ 17.86ಕ್ಕೆ ಏರುತ್ತದೆ, ಸಾಲ ಕೊಟ್ಟವರ ಪಾಲು 92.86ರಿಂದ 75ಕ್ಕೆ ಕುಸಿಯುತ್ತದೆ. ಒಟ್ಟಾರೆ ನಷ್ಟ ತರುವ ಯೋಜನೆಯನ್ನು ಷೇರುದಾರರು ಸಂತೋಷದಿಂದ ಆರಿಸಿಕೊಳ್ಳುತ್ತಾರೆ. ಜೆನ್ಸನ್ ಮತ್ತು ಮೆಕ್ಲಿಂಗ್ 1976ರಲ್ಲಿ ಬಿಡಿಸಿಟ್ಟ ಏಜೆನ್ಸಿ ವೆಚ್ಚಗಳಲ್ಲಿ ಇದೊಂದು. ಮೋದಿಲ್ಯಾನಿ ಮತ್ತು ಮಿಲ್ಲರ್ ಪ್ರಮೇಯ ಇಲ್ಲಿ ಏಕೆ ಮುರಿಯಿತು? ಹೋಳು ಮಾಡುವ ಬಗೆಗೂ ಪಾವತಿಯ ಗಾತ್ರಕ್ಕೂ ಸಂಬಂಧವಿಲ್ಲ ಎಂಬ ಗೃಹೀತ ಕಳಚಿತು. ತೆರಿಗೆ, ದಿವಾಳಿಯ ವೆಚ್ಚ, ಮೈಯರ್ಸ್ ಮತ್ತು ಮಜ್ಲುಫ್ ಅವರ 1984ರ ಮಾಹಿತಿಯ ಅಸಮತೆ, ಬಂಡವಾಳ ರಚನೆಯ ಉಳಿದ ಸಾಹಿತ್ಯವೆಲ್ಲ ಈ ಪ್ರಮೇಯದ ಒಂದೊಂದು ಗೃಹೀತವನ್ನು ಕಳಚಿ ನೋಡುವ ಕೆಲಸ. ಹಾಗೆ ಓದಿದರೆ ಅದು ಮುಗಿಯದ ಪಟ್ಟಿಯಂತೆ ಕಾಣುವುದಿಲ್ಲ.

ಆರನೇ ಹಂತ: ನಿರಂತರ ಕಾಲ

1900ರಲ್ಲಿ ಲೂಯಿ ಬಶೆಲಿಯೆ ಪ್ಯಾರಿಸ್ಸಿನಲ್ಲಿ ಸಲ್ಲಿಸಿದ ಪ್ರಬಂಧ ಬೆಲೆಗಳ ಚಲನೆಯನ್ನು ಬ್ರೌನಿಯನ್ ಚಲನೆಯಾಗಿ (ನಿರಂತರ ಯಾದೃಚ್ಛಿಕ ಅಲೆದಾಟವಾಗಿ) ಬರೆದಿತ್ತು. 1973ರಲ್ಲಿ ಬ್ಲ್ಯಾಕ್, ಶೋಲ್ಸ್ ಮತ್ತು ಮರ್ಟನ್ ಆಪ್ಷನ್ ಸೂತ್ರ ಕೊಟ್ಟರು. 1997ರ ನೊಬೆಲ್ ಮರ್ಟನ್ ಮತ್ತು ಶೋಲ್ಸ್‌ಗೆ ಬಂದಾಗ ಬ್ಲ್ಯಾಕ್ ತೀರಿಕೊಂಡು ಎರಡು ವರ್ಷವಾಗಿತ್ತು.

ನೇರವಾಗಿ ಇಟೋ ಸೂತ್ರಕ್ಕೆ (ಬ್ರೌನಿಯನ್ ಚಲನೆಗೆ ಬೇಕಾದ ಕಲನಶಾಸ್ತ್ರದ ನಿಯಮ) ಹಾರಬೇಡಿ. ಕಾಕ್ಸ್, ರಾಸ್ ಮತ್ತು ರೂಬಿನ್‌ಸ್ಟೈನ್ ಅವರ 1979ರ ಮಾದರಿ ನಮ್ಮ ಎರಡು ಸ್ಥಿತಿಗಳ ಹಾಳೆಯನ್ನೇ ಹಲವು ಹೆಜ್ಜೆಗಳ ಮರವಾಗಿ ಬೆಳೆಸುತ್ತದೆ. ಕಂಪ್ಯೂಟರ್‌ನಲ್ಲಿ 10, 50, 200 ಹೆಜ್ಜೆಗಳ ಮರ ಕಟ್ಟಿ, ಬರುವ ಬೆಲೆ ಬ್ಲ್ಯಾಕ್-ಶೋಲ್ಸ್ ಬೆಲೆಯತ್ತ ತೂಗಾಡುತ್ತಾ ಸರಿಯುವುದನ್ನು ನೋಡಿ. ಸೂತ್ರದಲ್ಲಿ ಷೇರಿನ ನಿರೀಕ್ಷಿತ ಪ್ರತಿಫಲ ಏಕಿಲ್ಲ ಎಂಬ ಪ್ರಶ್ನೆ ಆಮೇಲೆ ಏಳುವುದೇ ಇಲ್ಲ, ಮೂರನೇ ಹಂತದಲ್ಲಿಯೇ ಅದಕ್ಕೆ ಉತ್ತರ ಸಿಕ್ಕಿದೆ. ಮಾರ್ಟಿಂಗೇಲ್ (ನಾಳಿನ ನಿರೀಕ್ಷೆ ಇಂದಿನ ಮೌಲ್ಯಕ್ಕೇ ಸಮವಾಗಿರುವ ಪ್ರಕ್ರಿಯೆ) ಭಾಷೆ ಬೇಕಾದವರು ಹ್ಯಾರಿಸನ್ ಮತ್ತು ಕ್ರೆಪ್ಸ್ ಅವರ 1979ರ ಲೇಖನಕ್ಕೆ ಈ ಹೊತ್ತಿಗೆ ಸಿದ್ಧರಾಗಿರುತ್ತಾರೆ. ಡೆರಿವೇಟಿವ್‌ಗಳಲ್ಲಿ ಮುಂದುವರಿಯುವ ಉದ್ದೇಶ ಇಲ್ಲದವರು ಇಲ್ಲಿ ಹೆಚ್ಚು ಕಾಲ ಕಳೆಯಬೇಕಾಗಿಲ್ಲ.

ಏಳನೇ ಹಂತ: ಯಾರಿಗೆ ಏನು ಗೊತ್ತು

ಇಲ್ಲಿಯವರೆಗೆ ಎಲ್ಲರಿಗೂ ಒಂದೇ ಮಾಹಿತಿ ಇತ್ತು. ಅದನ್ನು ಕೈಬಿಟ್ಟ ಕೂಡಲೇ ವಿಷಯ ರಂಗೇರುತ್ತದೆ.

ಯೂಜೀನ್ ಫಾಮಾ 1970ರಲ್ಲಿ ದಕ್ಷ ಮಾರುಕಟ್ಟೆಯ (ಬೆಲೆಗಳು ಲಭ್ಯ ಮಾಹಿತಿಯನ್ನೆಲ್ಲ ಹೊತ್ತಿರುತ್ತವೆ ಎಂಬ) ವಿಚಾರವನ್ನು ಕ್ರೋಡೀಕರಿಸಿದ. ಅದರ ಮೂರು ರೂಪಗಳನ್ನು ಬಾಯಿಪಾಠ ಮಾಡುವವರು ಅದೇ ಲೇಖನದ ಹೆಚ್ಚು ಮುಖ್ಯವಾದ ಮಾತನ್ನು ಬಿಟ್ಟುಬಿಡುತ್ತಾರೆ: ದಕ್ಷತೆಯನ್ನು ಪರೀಕ್ಷಿಸಬೇಕಾದರೆ ನಿರೀಕ್ಷಿತ ಪ್ರತಿಫಲದ ಮಾದರಿಯೊಂದು ಬೇಕು, ಹಾಗಾಗಿ ಪರೀಕ್ಷೆ ವಿಫಲವಾದರೆ ಮಾರುಕಟ್ಟೆ ತಪ್ಪೋ ಮಾದರಿ ತಪ್ಪೋ ಹೇಳಲಾಗದು. ರಾಬರ್ಟ್ ಶಿಲ್ಲರ್ 1981ರಲ್ಲಿ ಷೇರು ಬೆಲೆಗಳ ಏರಿಳಿತ ಡಿವಿಡೆಂಡ್‌ಗಳ ಏರಿಳಿತದಿಂದ ವಿವರಿಸಲಾಗದಷ್ಟು ಹೆಚ್ಚು ಎಂದು ವಾದಿಸಿದ. ಇಬ್ಬರೂ 2013ರ ನೊಬೆಲ್ ಅನ್ನು ಲಾರ್ಸ್ ಹ್ಯಾನ್ಸನ್ ಜೊತೆ ಹಂಚಿಕೊಂಡರು. ಇದನ್ನು ತಮಾಷೆಯಾಗಿ ಹೇಳುವವರಿದ್ದಾರೆ, ಆದರೆ ಮೇಲಿನ ಜಂಟಿ ಪರೀಕ್ಷೆಯ ಸಮಸ್ಯೆ ತಿಳಿದವರಿಗೆ ಅದರಲ್ಲಿ ವಿಚಿತ್ರವೇನೂ ಕಾಣದು. ಎಂ ಕಾಲದಿಂದ ಕಾಲಕ್ಕೆ ಬದಲಾಗುತ್ತದೆ ಎಂದು ಫಾಮಾ, ಜನರ ನಂಬಿಕೆಗಳು ಹಾದಿ ತಪ್ಪುತ್ತವೆ ಎಂದು ಶಿಲ್ಲರ್.

ಗ್ರಾಸ್‌ಮನ್ ಮತ್ತು ಸ್ಟಿಗ್ಲಿಟ್ಸ್ 1980ರಲ್ಲಿ ಇನ್ನೂ ಬುಡಕ್ಕೆ ಹೋದರು: ಬೆಲೆ ಎಲ್ಲ ಮಾಹಿತಿಯನ್ನೂ ಹೊತ್ತಿದ್ದರೆ ದುಡ್ಡು ಕೊಟ್ಟು ಮಾಹಿತಿ ಸಂಗ್ರಹಿಸುವವರು ಯಾರು? ಯಾರೂ ಸಂಗ್ರಹಿಸದಿದ್ದರೆ ಅದು ಬೆಲೆಯೊಳಗೆ ಬರುವುದಾದರೂ ಹೇಗೆ?

ಗ್ಲಾಸ್ಟನ್ ಮತ್ತು ಮಿಲ್ಗ್ರಾಮ್ ಅವರ 1985ರ ಮಾದರಿಯನ್ನು ನಮ್ಮ ಅಂಕಿಗಳಲ್ಲಿಯೇ ಮಾಡಿ ನೋಡಬಹುದು. ಬಡ್ಡಿಯನ್ನೂ ಅಪಾಯ ವಿಮುಖತೆಯನ್ನೂ ಪಕ್ಕಕ್ಕಿಡಿ. ಮೌಲ್ಯ 130 ಅಥವಾ 90, ಸಮಾನ ಸಂಭವ. ವ್ಯಾಪಾರಿಗಳಲ್ಲಿ ಐದರಲ್ಲಿ ಒಬ್ಬರಿಗೆ ನಿಜ ಮೌಲ್ಯ ಗೊತ್ತು. ಉಳಿದವರು ಕೊಳ್ಳುವುದೂ ಮಾರುವುದೂ ಯಾದೃಚ್ಛಿಕ. ಯಾರೋ ಕೊಳ್ಳಲು ಬಂದರೆ, ಮೌಲ್ಯ 130 ಇರುವ ಸಂಭವ 0.6 ಎಂದು ಡೀಲರ್ ತಿದ್ದಿಕೊಳ್ಳುತ್ತಾನೆ. ಆದ್ದರಿಂದ ಅವನು ಮಾರುವ ಬೆಲೆ 114, ಕೊಳ್ಳುವ ಬೆಲೆ 106. ಯಾವ ವೆಚ್ಚವೂ ಇಲ್ಲದೆ, ಲಾಭದ ಆಸೆಯೂ ಇಲ್ಲದೆ, ಬರಿಯ ಅನುಮಾನದಿಂದಲೇ 8ರ ಅಂತರ ಹುಟ್ಟಿತು. ತಿಳಿದವರ ಪಾಲನ್ನು ಹೆಚ್ಚಿಸುತ್ತಾ ಹೋಗಿ, ಅಂತರ ಹಿಗ್ಗುತ್ತದೆ. ಆಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಬಗ್ಗೆ ಹೇಳಿದ್ದು (ದೋಷ ಮಾರುವವನಿಗೆ ಮಾತ್ರ ಗೊತ್ತಿರುವುದರಿಂದ ಕೊಳ್ಳುವವನು ಅನುಮಾನಿಸುತ್ತಾನೆ) ಇದರ ಹಿರಿಯ ಸಂಬಂಧಿ.

ಇದೇ ಗುಂಪಿನಲ್ಲಿ ಶ್ಲೈಫರ್ ಮತ್ತು ವಿಷ್ಣಿ ಅವರ 1997ರ ಲೇಖನವನ್ನೂ ಓದಿ. ಆರ್ಬಿಟ್ರೇಜ್ ಮಾಡುವವರು ಇತರರ ಹಣದಿಂದ ಮಾಡುತ್ತಾರೆ, ಬೆಲೆ ಇನ್ನಷ್ಟು ತಪ್ಪಾದಾಗ ಆ ಹಣ ಹಿಂದಕ್ಕೆ ಹೋಗುತ್ತದೆ ಎಂಬುದು ಅದರ ತಿರುಳು. ಮರುವರ್ಷ, 1998ರಲ್ಲಿ, ಎಲ್‌ಟಿಸಿಎಂ (ಲಾಂಗ್-ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್) ಎಂಬ ಹೂಡಿಕೆ ನಿಧಿ ಕುಸಿಯಿತು. ಮರ್ಟನ್ ಮತ್ತು ಶೋಲ್ಸ್ ಅದರ ಪಾಲುದಾರರಾಗಿದ್ದರು.

ಎಂಟನೇ ಹಂತ: ಅಂಕಿಅಂಶಗಳ ಮುಂದೆ ನಿಲ್ಲಿಸುವುದು

ಸಿದ್ಧಾಂತದ ಕೋರ್ಸ್ ಎಂದು ಅಂಕಿಅಂಶಗಳನ್ನು ಬಿಟ್ಟರೆ ಸಿದ್ಧಾಂತ ಎಲ್ಲಿ ಸೋಲುತ್ತದೆ ಎಂಬುದು ಗೊತ್ತಾಗದು. ಅತ್ಯಂತ ಬೋಧಪ್ರದವಾದ ಸೋಲು ಮೆಹ್ರಾ ಮತ್ತು ಪ್ರೆಸ್ಕಾಟ್ 1985ರಲ್ಲಿ ತೋರಿಸಿದ್ದು. ಅವರು ಲ್ಯೂಕಸ್‌ನ 1978ರ ಮಾದರಿಯಂತೆ ಎಂ ಅನ್ನು ಒಟ್ಟು ಅನುಭೋಗದ ಬೆಳವಣಿಗೆಯಿಂದ ಕಟ್ಟಿದರು. 1889ರಿಂದ 1978ರವರೆಗಿನ ಅಮೆರಿಕದ ಅಂಕಿಗಳಲ್ಲಿ ಷೇರುಗಳು ಅಪಾಯರಹಿತ ಪತ್ರಗಳಿಗಿಂತ ವರ್ಷಕ್ಕೆ ಸುಮಾರು ಶೇ 6 ಹೆಚ್ಚು ಕೊಟ್ಟಿದ್ದವು. ಒಪ್ಪಬಹುದಾದ ಅಪಾಯ ವಿಮುಖತೆಯಲ್ಲಿ ಮಾದರಿಯಿಂದ ಹೊರಟ ಗರಿಷ್ಠ ಹೆಚ್ಚುವರಿ ಶೇ 0.35. ಕಾರಣವನ್ನು ಮೂರನೇ ಹಂತದ ಕೋವೇರಿಯನ್ಸ್ ಸಮೀಕರಣದಲ್ಲಿಯೇ ಹುಡುಕಿ: ಅನುಭೋಗ ವರ್ಷದಿಂದ ವರ್ಷಕ್ಕೆ ಹೆಚ್ಚು ಏರಿಳಿಯುವುದಿಲ್ಲ, ಆದ್ದರಿಂದ ಅದರಿಂದ ಕಟ್ಟಿದ ಎಂ ಕೂಡ ಸಪ್ಪೆ. ಷೇರುಗಳ ಪ್ರತಿಫಲವನ್ನು ವಿವರಿಸಲು ಎಂ ಕನಿಷ್ಠ ಎಷ್ಟು ಏರಿಳಿಯಬೇಕು ಎಂಬುದನ್ನು ಹ್ಯಾನ್ಸನ್ ಮತ್ತು ಜಗನ್ನಾಥನ್ 1991ರಲ್ಲಿ ಅಸಮೀಕರಣವಾಗಿ ಬರೆದರು. ನಮ್ಮ ಎರಡು ಸ್ಥಿತಿಗಳ ಮಾದರಿಯಲ್ಲಿ ಆ ಮಿತಿಯನ್ನು ಪರಿಶೀಲಿಸಿ: ಎಂನ ಪ್ರಮಾಣ ವಿಚಲನೆ 0.238, ಸರಾಸರಿ 0.952, ಅನುಪಾತ 0.25. ಷೇರಿನ ಹೆಚ್ಚುವರಿ ಪ್ರತಿಫಲ ಶೇ 5, ವಿಚಲನೆ ಶೇ 20, ಅನುಪಾತ ಅದೇ 0.25.

ಪ್ರಾಯೋಗಿಕ ವಿಧಾನಗಳಲ್ಲಿ ಎರಡನ್ನು ಕೈಯಾರೆ ಮಾಡಿ: ಫಾಮಾ ಮತ್ತು ಮ್ಯಾಕ್‌ಬೆತ್ ಅವರ 1973ರ ಎರಡು ಹಂತದ ರಿಗ್ರೆಶನ್, ಮತ್ತು ಹ್ಯಾನ್ಸನ್‌ನ 1982ರ ಜಿಎಂಎಂ (ಸರಾಸರಿಗಳ ಷರತ್ತುಗಳಿಂದ ಮಾದರಿಯನ್ನು ಅಂದಾಜಿಸುವ ವಿಧಾನ). ಆಮೇಲೆ ಫಾಮಾ ಮತ್ತು ಫ್ರೆಂಚ್ ಅವರ 1993ರ ಮೂರು ಅಂಶಗಳ ಮಾದರಿ ಓದಿ, ಅದು ಎಪಿಟಿಯ ಅನ್ವಯವೋ ಅಥವಾ ಅಂಕಿಗಳಿಂದ ಹೆಕ್ಕಿದ ವಿವರಣೆಯೋ ಎಂದು ಸಹಪಾಠಿಯೊಬ್ಬರ ಜೊತೆ ಜಗಳವಾಡಿ. ನನ್ನ ಒಲವು ಎರಡನೆಯದರ ಕಡೆಗೆ.

ಮೂಲ ಲೇಖನಗಳನ್ನು ಓದುವ ಬಗೆ

ಹಣಕಾಸಿನ ಹಲವು ಮೂಲ ಲೇಖನಗಳು ನಿರೀಕ್ಷೆಗಿಂತ ಸುಲಭವಾಗಿ ಓದಿಸಿಕೊಳ್ಳುತ್ತವೆ. ಮಾರ್ಕೊವಿಟ್ಜ್‌ನದು ಹದಿನೈದು ಪುಟ. ಮೊದಲ ಓದಿನಲ್ಲಿ ಸಾಧನೆಗಳನ್ನು ಹಾರಿಸಿ, ಗೃಹೀತಗಳನ್ನು ಮಾತ್ರ ಬೇರೆ ಹಾಳೆಗೆ ಇಳಿಸಿ. ಎರಡನೇ ಓದಿನಲ್ಲಿ ಮುಖ್ಯ ಫಲಿತಾಂಶವನ್ನು ಎರಡು ಸ್ಥಿತಿಗಳ ಮಾದರಿಗೆ ಇಳಿಸಿ, ಅಂಕಿ ಹಾಕಿ. ಇಳಿಸಲು ಆಗದಿದ್ದರೆ ಫಲಿತಾಂಶಕ್ಕೆ ಕಾಲವೋ, ಮಾಹಿತಿಯ ಭೇದವೋ, ಮೂರನೇ ಸ್ಥಿತಿಯೋ ಅನಿವಾರ್ಯ ಎಂದರ್ಥ, ಅದೂ ತಿಳಿಯಬೇಕಾದ ಸಂಗತಿಯೇ. ಸಾಧನೆಯ ಪ್ರತಿ ಸಾಲು ಮೂರನೇ ಓದಿಗೆ.

ಪರೀಕ್ಷೆಗೆ ಸಿದ್ಧರಾಗುವಾಗ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದರ ಜೊತೆಗೆ, ಪ್ರತಿ ಪ್ರಶ್ನೆಯಿಂದ ಒಂದು ಗೃಹೀತವನ್ನು ತೆಗೆದು ಮತ್ತೆ ಬಿಡಿಸಿ. ಪ್ರಬಂಧಕ್ಕೆ ವಿಷಯ ಹುಡುಕುವಾಗಲೂ ಇದೇ ದಾರಿ ಉಪಯೋಗಕ್ಕೆ ಬರುತ್ತದೆ. ಉದಾಹರಣೆಗೆ, ಮೂರನೇ ಹಂತದ ಹಾಳೆಯಲ್ಲಿ ಷೇರನ್ನು ಎರವಲು ಪಡೆದು ಮಾರುವುದನ್ನು ನಿಷೇಧಿಸಿ. ಆಪ್ಷನ್ 7.14ಕ್ಕಿಂತ ದುಬಾರಿಯಾದರೆ ಅದನ್ನು ಮಾರಿ, ಅರ್ಧ ಷೇರು ಕೊಂಡು, ಈಗಲೂ ಲಾಭ ಮಾಡಬಹುದು. ಅಗ್ಗವಾದರೆ ಮಾತ್ರ ಷೇರನ್ನು ಮಾರಬೇಕು, ಅದಕ್ಕೆ ದಾರಿಯಿಲ್ಲ. ಮೇಲಿನ ಮಿತಿ ಉಳಿಯಿತು, ಕೆಳಗಿನದು ಸಡಿಲವಾಯಿತು. ಆದರೆ ಷೇರು ಮೊದಲೇ ಕೈಯಲ್ಲಿರುವವರು ಅದನ್ನು ಮಾರಬಹುದಲ್ಲ. ಅಂಥವರು ಎಷ್ಟು ಮಂದಿ ಇದ್ದರೆ ಬೆಲೆ ಮತ್ತೆ 7.14ಕ್ಕೆ ಬರುತ್ತದೆ?